ಹಳೆಯ ಲ್ಯಾಂಡ್‌ಲೈನ್ ವೈರಿಂಗನ್ನೇ ಫೈಬರ್ ಸಂಪರ್ಕಕ್ಕೂ ಬಳಸಬಹುದೇ?

ತೀರ್ಥಹಳ್ಳಿ ಕಡೆಯ ಎರಡಂತಸ್ತಿನ ಮನೆ, ಗೋಡೆಯೊಳಗೆ ಹಳೆಯ ಟೆಲಿಫೋನ್ ತಂತಿ, ಕೆಳಗೆ ಮೇಲೆ ಸೇರಿ ಮೂರು ಕಡೆ ಫೋನ್. ಈಗ ಫೈಬರ್ ಹಾಕಿಸುತ್ತಿದ್ದೀರಿ, ಇರುವ ತಂತಿಯಲ್ಲೇ ಫೋನ್ ಮತ್ತು ಇಂಟರ್‌ನೆಟ್ ಎರಡೂ ನಡೆಯುತ್ತವೆಯೇ ಎಂಬುದು ನಿಮ್ಮ ಪ್ರಶ್ನೆ. ಫೋನಿಗೆ ಧಾರಾಳವಾಗಿ ಬಳಸಿ. ಇಂಟರ್‌ನೆಟ್‌ಗೆ ಆ ತಂತಿ ಸಾಲದು, ಆದರೆ ಅದು ಹಾದುಹೋಗಿರುವ ಪೈಪ್ ಇದೆಯಲ್ಲ, ಅದನ್ನು ಮಾತ್ರ ಕಳೆದುಕೊಳ್ಳಬೇಡಿ.

ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಒಎನ್‌ಟಿ ಎನ್ನುತ್ತಾರೆ. ಅದರ ಹಿಂಬದಿಯಲ್ಲಿ ಇಂಟರ್‌ನೆಟ್ ಕೇಬಲ್ ಸಿಕ್ಕಿಸುವ ಲ್ಯಾನ್ ಕಿಂಡಿಗಳ ಪಕ್ಕ ಸ್ವಲ್ಪ ಕಿರಿದಾದ ಇನ್ನೊಂದು ಕಿಂಡಿ ಇರುತ್ತದೆ, ಸಾಮಾನ್ಯವಾಗಿ ‘ಟೆಲ್’ ಅಥವಾ ‘ಫೋನ್’ ಎಂದು ಬರೆದಿರುತ್ತದೆ. ಇನ್ನು ಮುಂದೆ ಡಯಲ್ ಟೋನ್ ಹುಟ್ಟುವುದು ಎಕ್ಸ್‌ಚೇಂಜಿನಲ್ಲಲ್ಲ, ಇಲ್ಲಿ. ಈ ಕಿಂಡಿಯಿಂದ ಹತ್ತಿರದ ರೋಸೆಟ್ ಬಾಕ್ಸಿಗೆ (ಫೋನ್ ತಂತಿಗಳು ಸೇರುವ ಗೋಡೆಯ ಪುಟ್ಟ ಪೆಟ್ಟಿಗೆಗೆ) ಒಂದು ಫೋನ್ ವೈರ್ ಕೊಟ್ಟರೆ ಪ್ಯಾರಲಲ್ ಫೋನ್‌ಗಳೆಲ್ಲ ಮೊದಲಿನಂತೆಯೇ ರಿಂಗ್ ಆಗುತ್ತವೆ.

ಆದರೆ ಅದಕ್ಕೂ ಮೊದಲು, ಕಂಬದಿಂದ ಬಂದಿರುವ ತಾಮ್ರದ ಡ್ರಾಪ್ ವೈರನ್ನು ಮನೆಯ ವೈರಿಂಗಿನಿಂದ ಬಿಡಿಸಲೇಬೇಕು. ‘ಲೈನ್ ಸತ್ತು ವರ್ಷವಾಯಿತು’ ಎನ್ನಬೇಡಿ. ಸತ್ತಂತೆ ಕಾಣುವ ಲೈನಿನಲ್ಲೂ ಎಕ್ಸ್‌ಚೇಂಜಿನ 48 ವೋಲ್ಟ್ ಡಿಸಿ ಬಂದು ಕೂತಿರಬಹುದು. ಅದು ಒಎನ್‌ಟಿಯ ಫೋನ್ ಕಿಂಡಿಗೆ ಎದುರಾದರೆ ಆ ಕಿಂಡಿ ಸುಟ್ಟೀತು. ಮಲೆನಾಡಿನಲ್ಲಿ ಇನ್ನೂ ದೊಡ್ಡ ಕಾರಣ ಸಿಡಿಲು. ಮುಂಗಾರಿಗೆ ಮುಂಚಿನ ಗುಡುಗಿನ ಮಳೆಗೆ ಮೋಡೆಮ್‌ಗಳು ಸಾಲುಸಾಲಾಗಿ ಸುಟ್ಟುಹೋಗುತ್ತಿದ್ದದ್ದು ತೋಟದ ಮೇಲೆ ಹಾದುಬಂದ ಇದೇ ತಾಮ್ರದ ದಾರಿಯಿಂದ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆ ಲಾಭವನ್ನು ಹಳೆಯ ತಂತಿಗೆ ಒಪ್ಪಿಸಬೇಡಿ. ರೋಸೆಟ್ ಬಾಕ್ಸ್ ತೆರೆದು ಹೊರಗಿನಿಂದ ಬಂದ ಎರಡೂ ಎಳೆಗಳನ್ನು ಸ್ಕ್ರೂನಿಂದ ಬಿಡಿಸಿ, ಬೇರೆಬೇರೆಯಾಗಿ ಟೇಪ್ ಸುತ್ತಿ. ಸಾಧ್ಯವಾದರೆ ಗೋಡೆಯ ಹೊರಗೇ ಕತ್ತರಿಸಿ. ಅಂದಹಾಗೆ, ಹಲವು ಫೈಬರ್ ಡ್ರಾಪ್ ಕೇಬಲ್‌ಗಳಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗಿನ ಕೊಕ್ಕೆಯ ಬಳಿಯೇ ನಿಲ್ಲಿಸುವಂತೆ ಕೆಲಸದವರಿಗೆ ಹೇಳಿ, ಒಳಗೆ ತರುವ ಅಗತ್ಯವಿಲ್ಲ.

ಫೋನ್ ಮತ್ತು ಇಂಟರ್‌ನೆಟ್ ಬೇರ್ಪಡಿಸುತ್ತಿದ್ದ ಹಳೆಯ ಬ್ರಾಡ್‌ಬ್ಯಾಂಡಿನ ಸ್ಪ್ಲಿಟರ್ ಇದ್ದರೆ ಕಿತ್ತುಹಾಕಿ. ಬೆರಳು ತೂರಿಸಿ ತಿರುಗಿಸುವ ಫೋನ್ ಇದ್ದರೆ ಅದರಲ್ಲಿ ಕರೆ ಬಂದೀತು, ಆದರೆ ಅದರ ಡಯಲನ್ನು ಅನೇಕ ಒಎನ್‌ಟಿಗಳು ಗುರುತಿಸುವುದಿಲ್ಲ.

ಇನ್ನು ಇಂಟರ್‌ನೆಟ್. ಗಿಗಾಬಿಟ್ ವೇಗಕ್ಕೆ ನಾಲ್ಕು ಜೋಡಿ ತಿರುಚಿದ ಎಳೆಗಳು ಬೇಕು, 100 ಎಂಬಿಪಿಎಸ್‌ಗೂ ಎರಡು ಜೋಡಿ ಬೇಕು. ಮನೆಯ ಫೋನ್ ತಂತಿಯಲ್ಲಿ ಬಹುಪಾಲು ಒಂದೇ ಜೋಡಿ ಇರುತ್ತದೆ. ಆದ್ದರಿಂದ ಮಹಡಿಗೆ ಹೋಗಿರುವ ಫೋನ್ ತಂತಿಯನ್ನೇ ಹಗ್ಗ ಮಾಡಿಕೊಂಡು ಅದೇ ಪೈಪಿನಲ್ಲಿ ನಾಲ್ಕು ಜೋಡಿಯಿರುವ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಯಿರಿ. ಮೊದಲು ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ತಂತಿಯನ್ನು ಅರ್ಧ ಗೇಣು ಆಚೀಚೆ ಎಳೆದು ನೋಡಿ. ಸಲೀಸಾಗಿ ಸರಿದರೆ ಕೆಲಸ ಆದಂತೆಯೇ. ಎಲ್ಲೋ ಕಚ್ಚಿಕೊಂಡಿದ್ದರೆ ಬಲಪ್ರಯೋಗ ಬೇಡ, ತುಂಡಾದರೆ ಇದ್ದ ಫೋನೂ ಹೋಗುತ್ತದೆ. ಕೇಬಲ್ಲಿನ ತುದಿಯಲ್ಲಿ ಒಂದೆರಡು ಎಳೆ ಮಾತ್ರ ಉಳಿಸಿ ಹಳೆಯ ತಂತಿಗೆ ಹೆಣೆದು, ಗಂಟು ದಪ್ಪವಾಗದಂತೆ ನುಣುಪಾಗಿ ಟೇಪ್ ಸುತ್ತಿ, ಮೇಲೆ ಸ್ವಲ್ಪ ಟಾಲ್ಕಮ್ ಪೌಡರ್ ಸವರಿ. ಪ್ಲಗ್ ಹಾಕುವುದು ಎಳೆದ ಮೇಲೆ. ಮೊದಲೇ ಹಾಕಿದರೆ ಪೈಪಿನ ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಮಹಡಿಯ ಫೋನ್ ಉಳಿಯಬೇಕೆಂದರೆ ಕೇಬಲ್ ಜೊತೆಗೇ ಹೊಸ ಫೋನ್ ತಂತಿಯನ್ನೂ ಎಳೆದುಬಿಡಿ, ಎರಡೂ ಒಂದೇ ಪೈಪಿನಲ್ಲಿ ಇರಬಹುದು. ಕರೆಂಟಿನ ತಂತಿಯಿರುವ ಪೈಪಿಗೆ ಮಾತ್ರ ಇವನ್ನು ಸೇರಿಸಬೇಡಿ.

ಕೇಬಲ್ ಕೊಳ್ಳುವಾಗ ಎಳೆಯೊಂದರ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಗ್ಗ ನಿಜ, ಎಳೆಯುವಾಗ ಮುರಿಯುವುದೂ ಅದೇ.

ಡಿಶ್‌ನ ಕೋಆಕ್ಸಿಯಲ್ ಕೇಬಲ್ಲನ್ನೂ ಬಳಸಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅದರಲ್ಲಿ ಇಂಟರ್‌ನೆಟ್ ಸಾಗಿಸುವ ಮೋಕಾ ಅಡಾಪ್ಟರ್‌ಗಳಿವೆ, ಆದರೆ ಅವು ಸಾಮಾನ್ಯವಾಗಿ ಬಳಸುವ ಆವರ್ತನ (ಫ್ರೀಕ್ವೆನ್ಸಿ) ಡಿಶ್‌ನಿಂದ ಬರುವ 950ರಿಂದ 2150 ಮೆಗಾಹರ್ಟ್ಸ್ ಪಟ್ಟಿಯೊಳಗೇ ಬೀಳುತ್ತದೆ. ಟಿವಿ ನೋಡುವವರಿದ್ದರೆ ಆ ಗೋಜು ಬೇಡ.

ಒಎನ್‌ಟಿ ಎಲ್ಲಿ ಕೂರಬೇಕೆಂಬುದನ್ನು ಕೆಲಸದವರು ಬರುವ ಮುಂಚೆಯೇ ನೀವು ನಿರ್ಧರಿಸಿ, ಇಲ್ಲದಿದ್ದರೆ ಅವರು ಹತ್ತಿರದ ಕಿಟಕಿಯ ಪಕ್ಕ ಮೊಳೆ ಹೊಡೆದು ಹೊರಡುತ್ತಾರೆ. ಹಳೆಯ ಪೈಪಿನ ಬಾಯಿ ಮತ್ತು ಇನ್‌ವರ್ಟರ್ ಸಂಪರ್ಕವಿರುವ ಸಾಕೆಟ್, ಎರಡೂ ಹತ್ತಿರವಿರುವ ಜಾಗ ನೋಡಿ. ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜೇ ವಿದ್ಯುತ್ ಕೊಡುತ್ತಿತ್ತು, ಫೈಬರಿನಲ್ಲಿ ಕರೆಂಟ್ ಹೋದರೆ ಫೋನೂ ಹೋಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದಾರೆ ಎಂದಿದ್ದೀರಿ, ಹಾಗಾಗಿ ಒಮ್ಮೆ ಮೇನ್ ಸ್ವಿಚ್ ಆರಿಸಿ ಮೂರೂ ಫೋನ್‌ಗಳಿಂದ ಕರೆ ಮಾಡಿ ನೋಡಿಯೇ ಕೆಲಸದವರನ್ನು ಕಳುಹಿಸಿ.