‘ಅಬಾಮಿನಬಲ್’ ಪದದ ಮೂಲ ಶಕುನ, ಮನುಷ್ಯ ಅಲ್ಲ

ಇಂಗ್ಲಿಷಿನ ‘ಅಬಾಮಿನಬಲ್’ (abominable) ಪದವನ್ನು ಅನುವಾದಿಸುತ್ತಿದ್ದೇನೆ, ಅದಕ್ಕೆ ‘ಮನುಷ್ಯನಿಗೆ ಸಲ್ಲದ್ದು’ ಎಂಬ ಅರ್ಥ ಓದಿದೆ, ಸರಿಯೇ ಎಂದು ಕೇಳಿದ್ದೀರಿ. ನೀವು ಓದಿದ ಆ ವಿವರಣೆ ಬಹುಶಃ ಹಳೆಯ ಸ್ಪೆಲಿಂಗ್‌ನಿಂದ ಹುಟ್ಟಿದ್ದು. ಇದು ಲ್ಯಾಟಿನ್‌ನ ‘ಅಬ್ ಹೋಮಿನೆ’, ಅಂದರೆ ‘ಮನುಷ್ಯನಿಂದ ದೂರ’, ಎಂಬುದರಿಂದ ಬಂತು ಎಂದು ಮಧ್ಯಯುಗದಲ್ಲಿ ನಂಬಿದ್ದರು. ಅದಕ್ಕೇ ನಡುವೆ ಒಂದು ‘ಎಚ್’ ಸೇರಿಸಿ ಬರೆಯುತ್ತಿದ್ದರು. 1623ರ ಷೇಕ್ಸ್‌ಪಿಯರ್ ನಾಟಕ ಸಂಪುಟದಲ್ಲೂ ಆ ‘ಎಚ್’ ಇದೆ. ಆದರೆ ಆ ಮೂಲ ತಪ್ಪು.

ಮೊದಲು ‘ಎಚ್’ ಮರೆತುಬಿಡಿ. ಆಮೇಲೆ ಪದ ಬಿಡಿಸಿ: ‘ಅಬ್’ ಅಂದರೆ ದೂರ, ‘ಓಮೆನ್’ ಅಂದರೆ ಶಕುನ. ಲ್ಯಾಟಿನ್‌ನ ‘ಅಬಾಮಿನಾರಿ’ ಅಂದರೆ ಕೆಟ್ಟ ಶಕುನವನ್ನು ದೂರ ತಳ್ಳುವುದು. ಯಾರಾದರೂ ಅಶುಭ ಮಾತಾಡಿದರೆ ಮನೆಯಲ್ಲಿ ಹಿರಿಯರು ‘ಬಿಡ್ತು ಅನ್ನು’ ಅಂತಾರಲ್ವಾ, ಹೆಚ್ಚುಕಡಿಮೆ ಅದೇ ಭಾವ. ದೂರ ತಳ್ಳಬೇಕಾದದ್ದು ಬರಬರುತ್ತಾ ಹೇಸಿಗೆ ಹುಟ್ಟಿಸುವಂಥದ್ದು ಎಂದಾಯಿತು. ಇಂಗ್ಲಿಷಿಗೆ ಬಂದದ್ದು ಫ್ರೆಂಚ್ ದಾರಿಯಲ್ಲಿ.

ನಿಮ್ಮ ಅನುವಾದದಲ್ಲಿ ಈ ಪದ ಅಪರಾಧದ ಬಗ್ಗೆ ಬಂದಿದ್ದರೆ ‘ಹೇಯ’ ಎಂದೇ ಬರೆಯಿರಿ. ‘ಕೆಟ್ಟ’ ಅಂದರೆ ತೀರಾ ಸಪ್ಪೆ. ಹವಾಮಾನದ ಬಗ್ಗೆ ಬಂದಿದ್ದರೆ ಮಾತ್ರ ಅಷ್ಟು ಜೋರು ಬೇಡ. ಬ್ರಿಟಿಷರು ಸುಮ್ನೆ ಬೇಸರಕ್ಕೂ ಹಾಗೆ ಹೇಳುತ್ತಾರೆ. ಅಲ್ಲಿ ‘ದರಿದ್ರ ಮಳೆ’ ಸಾಕು.