ಆಫ್ರಿಕಾದಲ್ಲಿ ಗೆಳೆಯರ ಜೊತೆ ಬೈಕ್ ಪ್ರವಾಸ: ದೊಡ್ಡ ಬೈಕೇ ಬೇಕಾ?

ಐದು ಜನ ಗೆಳೆಯರು ಆಫ್ರಿಕಾದಲ್ಲಿ ಬೈಕ್ ಓಡಿಸಬೇಕು ಅಂದುಕೊಂಡಿದ್ದೀರಿ. ಅದಕ್ಕೆ 1200 ಸಿಸಿ ಬೈಕೇ ಬೇಕಾ, ಪ್ರಾಣಿಗಳ ಕಾಟ ಹೇಗೆ, ಸಸ್ಯಾಹಾರಿಗಳ ಊಟಕ್ಕೆ ಏನು ಗತಿ ಎಂದು ಕೇಳಿದ್ದೀರಿ. ಆಫ್ರಿಕಾ ಅಂದರೆ 54 ದೇಶ. ನಾನು ನೋಡಿದ್ದು ನಾಲ್ಕೇ. ಅಷ್ಟರ ಮಟ್ಟಿಗೆ ಹೇಳುತ್ತೇನೆ.

ನಾವು ಮೂವರು, ಹಾವೇರಿ ಜಿಲ್ಲೆಯವರು. ಒಬ್ಬ ನೈರೋಬಿಯಲ್ಲಿ ಅಕೌಂಟೆಂಟ್. ಇನ್ನೊಬ್ಬನದು ಊರಲ್ಲಿ ಫೋಟೋ ಸ್ಟುಡಿಯೋ. ಆಷಾಢದಲ್ಲಿ ಮದುವೆ ಇರುವುದಿಲ್ಲವಲ್ಲ, ಅವನಿಗೆ ರಜೆ ಸಿಗುವುದು ಆಗ ಮಾತ್ರ. ಹಾಗಾಗಿ ಜೂನ್ ಕೊನೆಗೆ ಹೊರಟೆವು. ನೈರೋಬಿಯಿಂದ ತಾಂಜಾನಿಯಾ, ಮಲಾವಿ ದಾಟಿ ಜಾಂಬಿಯಾದ ವಿಕ್ಟೋರಿಯಾ ಜಲಪಾತದವರೆಗೆ ಹೋಗಿ ವಾಪಸ್. ಒಟ್ಟು 6,400 ಕಿ.ಮೀ. ಹತ್ತಿರ, 33 ದಿನ.

ಬೈಕ್ ಯಾವುದು ಗೊತ್ತಾ? ಬಜಾಜ್ ಬಾಕ್ಸರ್ 150. ನೈರೋಬಿ ಗೆಳೆಯ ಅಲ್ಲೇ ತನ್ನ ಹೆಸರಲ್ಲಿ ಮೂರು ಕೊಂಡಿದ್ದ. ನನಗೂ ಮೊದಲು ಬೇಜಾರಾಗಿತ್ತು. ಆಫ್ರಿಕಾಕ್ಕೆ ಹೋಗಿ ಬಾಕ್ಸರ್ ಓಡಿಸುವುದಾ ಎಂದು. ಆದರೆ ಪೂರ್ವ ಆಫ್ರಿಕಾದ ರಸ್ತೆಗಿಳಿದರೆ ಎಲ್ಲಿ ನೋಡಿದರೂ ಅದೇ ಬೈಕ್, ಇಲ್ಲವಾದರೆ ಟಿವಿಎಸ್ ಎಚ್ಎಲ್ಎಕ್ಸ್. ಅಲ್ಲಿ ಬೈಕೇ ಆಟೋರಿಕ್ಷಾ, ಅದನ್ನು ಬೋಡಾ ಬೋಡಾ ಅನ್ನುತ್ತಾರೆ. ಕೀನ್ಯಾ-ಉಗಾಂಡಾ ಗಡಿಯಲ್ಲಿ ಜನರನ್ನು 'ಬಾರ್ಡರ್, ಬಾರ್ಡರ್' ಎಂದು ಕೂಗಿ ಹತ್ತಿಸಿಕೊಳ್ಳುತ್ತಿದ್ದರಂತೆ, ಅದೇ ಬೋಡಾ ಬೋಡಾ ಆಗಿದೆ. ಒಂದೇ ಬೈಕಿನ ಮೇಲೆ ಇಬ್ಬರು ಹೆಂಗಸರು, ಒಂದು ಮಗು, ಹಿಂದೆ ಬಾಳೆಗೊನೆ ಹೋಗುವುದನ್ನು ನೋಡಿದ ಮೇಲೆ ನನ್ನ ಬ್ಯಾಗಿನ ಭಾರದ ಚಿಂತೆ ಬಿಟ್ಟೆ.

ಆ ಬೈಕಿನ ಬೆಲೆ ಗೊತ್ತಾಗಿದ್ದು ತಾಂಜಾನಿಯಾದ ಇರಿಂಗಾ ದಾಟಿದ ಮೇಲೆ. ಸ್ಟುಡಿಯೋ ಗೆಳೆಯನ ಕ್ಲಚ್ ಕೇಬಲ್ ಪಟ್ ಎಂದು ತುಂಡಾಯಿತು. ಮರದ ಕೆಳಗೆ ಒಬ್ಬ ಹುಡುಗ ಹಳೇ ಟಯರ್ ಮೇಲೆ ಕೂತಿದ್ದ. ಸ್ವಾಹಿಲಿಯಲ್ಲಿ ಮೆಕ್ಯಾನಿಕ್‌ಗೆ 'ಫುಂಡಿ' ಎನ್ನುತ್ತಾರೆ. ಅವನು ಕೇಬಲ್ ನೋಡಿದ, ಏನೂ ಮಾತಾಡದೆ ಎದುರಿನ ಅಂಗಡಿಯಿಂದ ಹೊಸದೊಂದು ತಂದ. ಬಾಕ್ಸರ್‌ದೇ. ಒಂದು ನೋಟ್‌ಬುಕ್ ಹಾಳೆ ಹರಿದು ಆಲಿಕೆ ಮಾಡಿದ. ಕೇಬಲಿನ ತುದಿಗೆ ಸಿಕ್ಕಿಸಿ ಹನಿಹನಿಯಾಗಿ ಎಣ್ಣೆ ಬಿಟ್ಟ. ಕೆಳಗಿನ ತುದಿಯಿಂದ ಎಣ್ಣೆ ತೊಟ್ಟಿಕ್ಕುವವರೆಗೆ ಕೇಬಲ್ ಹಿಡಿದು ನಿಂತೇ ಇದ್ದ, ಆಮೇಲೆ ಜೋಡಿಸಿದ. ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟೇ. ದುಡ್ಡು ಕೊಡುವಾಗ 'ಇಂಡಿಯಾ?' ಎಂದು ಕೇಳಿದ. ಹೌದು ಎಂದೆವು. ಬೈಕಿನ ಟ್ಯಾಂಕ್ ಮೇಲೆ ಎರಡು ಸಲ ತಟ್ಟಿ ನಕ್ಕ.

ನಾವು ಅಲ್ಲಿ ಚಾ ಕುಡಿಯುತ್ತಿದ್ದಾಗ ಒಬ್ಬ ಯುರೋಪಿನವನು ದೊಡ್ಡ ಬೈಕಿನ ಕಥೆ ಹೇಳಿದ. ಒಂದು ಬಿಡಿಭಾಗ ವಿಮಾನದಲ್ಲಿ ಬರಬೇಕು ಎಂದು ಒಂಬತ್ತು ದಿನ ಲಾಡ್ಜಿನಲ್ಲಿ ಕಾಯುತ್ತಿದ್ದನಂತೆ. ದೊಡ್ಡ ಬೈಕ್ ಕೆಟ್ಟದ್ದು ಅಂತಲ್ಲ. ನಮೀಬಿಯಾದ ಜಲ್ಲಿ ರಸ್ತೆಗಳಿಗೆ ಹೋಗುವುದಾದರೆ ಅದೇ ಒಳ್ಳೆಯದಿರಬಹುದು. ನಾವು ಹೋದ ದಾರಿ ಬಹುಪಾಲು ಡಾಂಬರು. ಅದಕ್ಕೆ 150 ಸಿಸಿ ಸಾಕು. ಮಲಾವಿಯಲ್ಲಿ ಪೆಟ್ರೋಲ್ ಅಭಾವ ಇತ್ತು, ಬಂಕಿನ ಮುಂದೆ ಕಿಲೋಮೀಟರ್ ಉದ್ದದ ಸಾಲು. ಲೀಟರಿಗೆ 50 ಕೊಡುವ ಬೈಕ್ ಇದ್ದಿದ್ದರಿಂದ ಬಚಾವಾದೆವು.

ಪ್ರಾಣಿಗಳ ವಿಷಯಕ್ಕೆ ಬರುತ್ತೇನೆ. ತಾಂಜಾನಿಯಾದ ಹೆದ್ದಾರಿ ಮಿಕುಮಿ ರಾಷ್ಟ್ರೀಯ ಉದ್ಯಾನದ ಒಳಗೇ ಸುಮಾರು 50 ಕಿ.ಮೀ. ಹೋಗುತ್ತದೆ. ಬೇಲಿ ಗೀಲಿ ಏನೂ ಇಲ್ಲ. ಬೋರ್ಡಿನಲ್ಲಿ ಯಾವ ಪ್ರಾಣಿಗೆ ಗುದ್ದಿದರೆ ಎಷ್ಟು ಡಾಲರ್ ದಂಡ ಎಂದು ಹೋಟೆಲಿನ ತಿಂಡಿ ಪಟ್ಟಿ ಹಾಗೆ ಬರೆದಿದ್ದಾರೆ. ಆನೆಗೆ ಬಾಕ್ಸರ್ ಗುದ್ದಿದರೆ ದಂಡ ಕಟ್ಟಲು ಯಾರು ಉಳಿದಿರುತ್ತಾರೆ ಎಂಬುದು ಬೇರೆ ಮಾತು! ನಾವು ಒಂದು ಬಸ್ಸಿನ ಹಿಂದೆ ಅಂಟಿಕೊಂಡು ಹೋದೆವು. ಜೀಬ್ರಾ, ಜಿರಾಫೆ ಧಾರಾಳ. ಆನೆ ಕಂಡಿದ್ದು ಒಂದೇ ಸಲ, ರಸ್ತೆಯಿಂದ ನೂರು ಮೀಟರ್ ಆಚೆ. ಬಸ್ ನಿಂತಿತು, ನಾವೂ ನಿಂತೆವು. ಅದು ನಮ್ಮ ಕಡೆ ನೋಡಲೂ ಇಲ್ಲ.

ನಿಜವಾಗಿ ಹೆದರಬೇಕಾದ್ದು ಲಾರಿಗಳಿಗೆ. ದಾರ್ ಎಸ್ ಸಲಾಂ ಬಂದರಿನಿಂದ ಜಾಂಬಿಯಾಕ್ಕೆ ಹೋಗುವ ಹೆದ್ದಾರಿ ಅದು. ಎದುರಿಂದ ತಾಮ್ರದ ಹಾಳೆ ಹೊತ್ತ ಟ್ರೇಲರ್‌ಗಳು ಸಾಲಾಗಿ ಬರುತ್ತವೆ. ಕಿಟೋಂಗಾ ಎಂಬ ಘಾಟಿನಲ್ಲಿ ಅವು ಆಮೆ ಹಾಗೆ ಹತ್ತುತ್ತವೆ, ಹಿಂದಿನವರು ತಿರುವಿನಲ್ಲೇ ಓವರ್‌ಟೇಕ್ ಮಾಡುತ್ತಾರೆ. ನಾನು ಎರಡು ಸಲ ರಸ್ತೆ ಬಿಟ್ಟು ಮಣ್ಣಿಗೆ ಇಳಿದೆ. ಒಂದು ಅನುಕೂಲ ಅಂದರೆ ಈ ನಾಲ್ಕೂ ದೇಶಗಳಲ್ಲಿ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ. ಸಂಜೆ ಐದಕ್ಕೆ ಎಲ್ಲಿದ್ದೀರೋ ಅಲ್ಲೇ ನಿಲ್ಲಿ. ಕತ್ತಲಲ್ಲಿ ಖಂಡಿತ ಓಡಿಸಬೇಡಿ.

ಇನ್ನೊಂದು, ಚಳಿ. ಯಾರೂ ಹೇಳಿರಲಿಲ್ಲ. ಜುಲೈ ಅಂದರೆ ಅಲ್ಲಿ ಚಳಿಗಾಲ, ಇರಿಂಗಾ ಇರುವುದೇ ಸುಮಾರು 1,600 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಆರಕ್ಕೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಆಗುತ್ತಿರಲಿಲ್ಲ. ಜಾಕೆಟ್ ಒಳಗೆ ಹಳೇ ಪೇಪರ್ ತುಂಬಿಕೊಂಡು ಓಡಿಸಿದೆವು.

ತಾಂಜಾನಿಯಾದ ಪೊಲೀಸರು ಬಿಳಿ ಬಟ್ಟೆ ಹಾಕಿ ಊರ ಬಾಗಿಲಲ್ಲಿ ಸ್ಪೀಡ್ ಗನ್ ಹಿಡಿದು ನಿಂತಿರುತ್ತಾರೆ. ಊರೊಳಗೆ 50 ಮೀರುವ ಹಾಗಿಲ್ಲ. ನಾನು 63ರಲ್ಲಿದ್ದೆ. ಹಿಂದಿನ ಪೊಲೀಸ್ ತೆಗೆದ ಫೋಟೋ ಮುಂದಿನವನ ಮೊಬೈಲಿಗೆ ವಾಟ್ಸಾಪಿನಲ್ಲಿ ಬಂದಿತ್ತು. ಅಡ್ಡ ಮಾತಾಡದೆ 30,000 ಶಿಲ್ಲಿಂಗ್ ಕಟ್ಟಿ ರಸೀದಿ ತಗೊಂಡೆ. ತಪ್ಪು ನನ್ನದೇ. ಹಿರಿಯರು ಕಂಡರೆ ಮೊದಲು 'ಶಿಕಾಮೊ' ಅನ್ನಿ. ನಿಮ್ಮ ಪಾದ ಹಿಡಿಯುತ್ತೇನೆ ಎಂಬ ಅರ್ಥದಿಂದ ಬಂದ ಮಾತಂತೆ. ನಮ್ಮಲ್ಲಿ ಕಾಲಿಗೆ ನಮಸ್ಕಾರ ಮಾಡಿದ ಹಾಗೇ ಅಲ್ವಾ? ಅದನ್ನು ಹೇಳಿದ ಮೇಲೆ ಮುಖ ಗಂಟಿಕ್ಕಿದವರನ್ನು ನಾನು ಕಾಣಲಿಲ್ಲ.

ಊಟದ ಚಿಂತೆ ಬಿಡಿ. ಸ್ಟುಡಿಯೋದವನು ಮೊಟ್ಟೆ ಕೂಡ ಮುಟ್ಟುವುದಿಲ್ಲ, ಎರಡು ಕೆಜಿ ಹೆಚ್ಚಾಗಿ ಬಂದ. ಗೋವಿನಜೋಳದ ಹಿಟ್ಟಿನ ಬಿಳಿ ಮುದ್ದೆಯೇ ಅಲ್ಲಿಯ ಊಟ. ಕೀನ್ಯಾ, ತಾಂಜಾನಿಯಾದಲ್ಲಿ ಉಗಾಲಿ, ಮಲಾವಿಯಲ್ಲಿ ನ್ಸಿಮಾ, ಜಾಂಬಿಯಾದಲ್ಲಿ ನ್ಶಿಮಾ. ಹಾವೇರಿಯಲ್ಲಿ ನಾವು ಗೋವಿನಜೋಳ ಬೆಳೆದು ಕೋಳಿ ಆಹಾರಕ್ಕೆ ಮಾರುವವರು, ಅಲ್ಲಿ ಹೋಗಿ ದಿನಕ್ಕೆರಡು ಸಲ ತಿಂದೆವು. ಜೊತೆಗೆ ಬೀನ್ಸ್ ಕಾಳಿನ ಸಾರು, ಮ್ಚಿಚಾ ಎಂಬ ಪಲ್ಯ. ಅದು ನಮ್ಮ ದಂಟಿನ ಸೊಪ್ಪೇ. ಚಪಾತಿಗೆ ಚಪಾತಿ, ಚಾಗೆ ಚಾಯ್, ಅಂಗಡಿಗೆ ದುಕಾ. ಬೆಳಿಗ್ಗೆ ರಾಗಿ ಗಂಜಿ ಮಾರುತ್ತಾರೆ, 'ಉಜಿ' ಅಂತ. ಹೌದು, ರಾಗಿಯೇ. ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ, ನಮ್ಮ ಕಡೆಗೆ ಬಂದದ್ದು ಅಲ್ಲಿಂದ.

ಮಿಕುಮಿ ಆದ ಮೇಲೆ ರುವಾಹಾ ನದಿ ಪಕ್ಕ ಬಾವೋಬಾಬ್ ಮರಗಳ ಕಣಿವೆ ಬರುತ್ತದೆ. ಸವಣೂರಿನ ಮಠದ ದೊಡ್ಡಹುಣಸೆ ಮರ ನೋಡಿದ್ದೀರಾ? ಅದೇ ಮರ. ನಾವು ಚಿಕ್ಕಂದಿನಲ್ಲಿ ಅಲ್ಲಿದ್ದ ಮೂರು ಮರಗಳ ಸುತ್ತಳತೆಯನ್ನು ಕೈ ಕೈ ಹಿಡಿದು ನೋಡುತ್ತಿದ್ದೆವು. ಮೂರೇ ಮರಕ್ಕೆ ಅಷ್ಟು ಬೆರಗು. ಇಲ್ಲಿ ಗುಡ್ಡದ ತುಂಬ ಅವೇ, ಎಲೆ ಉದುರಿಸಿ ನಿಂತಿದ್ದವು. ಮೂವರೂ ಬೈಕ್ ನಿಲ್ಲಿಸಿ ಒಂದಕ್ಕೆ ಕೈ ಚಾಚಿದೆವು, ಅರ್ಧಕ್ಕೂ ಬರಲಿಲ್ಲ. ದಾರಿಬದಿಯ ಹುಡುಗಿ ಅದರ ಬೀಜಕ್ಕೆ ಕೆಂಪು ಬಣ್ಣ, ಸಕ್ಕರೆ ಹಾಕಿ ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ಹುಳಿಹುಳಿ, ನಾಲಿಗೆ ಎಲ್ಲ ಕೆಂಪು.

ಈಗ ಐದು ಜನದ ವಿಷಯ. ದಯವಿಟ್ಟು ಮೂರಕ್ಕೆ ಇಳಿಸಿ. ಪ್ರತಿ ಗಡಿಯಲ್ಲೂ ಒಬ್ಬೊಬ್ಬರ ಪಾಸ್‌ಪೋರ್ಟ್, ವೀಸಾ, ಬೈಕಿನ ತಾತ್ಕಾಲಿಕ ಪರ್ಮಿಟ್, ಮಾಲೀಕನ ಒಪ್ಪಿಗೆ ಪತ್ರ, ಇನ್ಶೂರೆನ್ಸ್ ನೋಡಬೇಕು. ಐದು ಜನ ಅಂದರೆ ಅರ್ಧ ದಿನ ಹೋಯಿತು. ಅಲ್ಲಿ 'ಯೆಲ್ಲೋ ಕಾರ್ಡ್' ಎರಡು ಇವೆ. ಒಂದು ಹಳದಿ ಜ್ವರದ ಲಸಿಕೆಯದು, ಪ್ರಯಾಣಕ್ಕೆ ಹತ್ತು ದಿನ ಮೊದಲೇ ಹಾಕಿಸಬೇಕು. ಇನ್ನೊಂದು ಕೊಮೆಸಾ (ಪೂರ್ವ ಮತ್ತು ದಕ್ಷಿಣ ಆಫ್ರಿಕಾ ದೇಶಗಳ ವ್ಯಾಪಾರ ಒಕ್ಕೂಟ) ವಾಹನ ವಿಮೆಯದು, ನಮ್ಮ ನಾಲ್ಕೂ ದೇಶಗಳಲ್ಲಿ ನಡೆಯುತ್ತದೆ. ಒಂದು ಗಡಿಯಲ್ಲಿ ಅಧಿಕಾರಿ ಯೆಲ್ಲೋ ಕಾರ್ಡ್ ಎಂದಾಗ ನಾನು ಬೈಕಿನದು ಕೊಟ್ಟೆ. ಆಕೆ ನನ್ನನ್ನೂ ಅದನ್ನೂ ನೋಡಿ, 'ಲಸಿಕೆ ಬೈಕಿಗೆ ಹಾಕಿಸಿದ್ದೀಯಾ?' ಎಂದಳು.

ಜಗಳ ಆಗಿಯೇ ಆಗುತ್ತದೆ. ನಮ್ಮಲ್ಲಿ ಫೋಟೋ ವಿಷಯಕ್ಕೆ. ಸ್ಟುಡಿಯೋದವನು ಮಲಾವಿ ಸರೋವರದ ದಂಡೆಯಲ್ಲಿ ಮೀನು ಒಣಹಾಕಿದ ಪ್ರತಿ ಅಟ್ಟಣಿಗೆಗೂ ನಿಲ್ಲುತ್ತಿದ್ದ. ನೈರೋಬಿಯವನಿಗೆ ಸಿಟ್ಟು ಬಂದು ಮುಂದೆ ಹೋದವನು ಸಂಜೆವರೆಗೆ ಸಿಗಲಿಲ್ಲ. ಮೊಬೈಲ್ ಸಿಗ್ನಲ್ ಇಲ್ಲ, ನಮ್ಮ ಹತ್ತಿರ ಆ ದೇಶದ ದುಡ್ಡೂ ಇಲ್ಲ, ಎಲ್ಲ ಅವನ ಸೊಂಟದ ಚೀಲದಲ್ಲಿತ್ತು. ಕೊನೆಗೆ ಒಂದು ಬಂಕಿನ ಸಾಲಿನಲ್ಲಿ ಸಿಕ್ಕ, ನಮ್ಮಿಬ್ಬರಿಗೂ ಸೇರಿಸಿ ಜಾಗ ಹಿಡಿದು ನಿಂತಿದ್ದ. ಎರಡು ದಿನ ಅವರಿಬ್ಬರೂ ಮಾತಾಡಲಿಲ್ಲ, ನಾನು ನಡುವೆ ಅಂಚೆಯವನ ಹಾಗೆ. ಆಮೇಲೆ ನಿಯಮ ಮಾಡಿಕೊಂಡೆವು: ನಿಧಾನದವನು ಮುಂದೆ, ದುಡ್ಡು ಮೂರು ಭಾಗ, ದಿನಕ್ಕೆ ಆರು ಸಲ ಮಾತ್ರ ಫೋಟೋ.

ಜಲಪಾತದಲ್ಲಿ ಜುಲೈನಲ್ಲೂ ನೀರು ಜೋರಾಗಿತ್ತು. ಕಮರಿಯ ಮೇಲಿನ ಕಾಲುಸೇತುವೆಗೆ ಹೋದರೆ ಕೆಳಗಿನಿಂದಲೇ ಮಳೆ ಬರುತ್ತದೆ, ಎದುರಿನವರ ಮುಖ ಕಾಣುವುದಿಲ್ಲ. ಸ್ಟುಡಿಯೋದವನು ಕ್ಯಾಮೆರಾವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಅವಚಿಕೊಂಡು ತೊಪ್ಪೆಯಾಗಿ ನಿಂತಿದ್ದ. ನೈರೋಬಿಯವನು ಅವನ ಕಿವಿಗೆ ಬಾಯಿಟ್ಟು ಕೂಗಿದ: 'ಈಗ ತೆಗಿಯೋ ಫೋಟೋ! ಎಷ್ಟು ಹೊತ್ತಾದರೂ ಕಾಯ್ತೀವಿ!'