ಚಿತ್ರಕ್ಕೆ ಹತ್ತೇ ಅಂಕವೇ, ಮೇಷ್ಟ್ರೇ?

ಆಲೂರು ತಾಲ್ಲೂಕಿನ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರ ಪತ್ರ: "ಶಾಲೆಯ ಲೈಬ್ರರಿಗೆ ಚಿತ್ರಪುಸ್ತಕ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಭಾಷೆಗೆ 40, ನೀತಿಗೆ 30, ಬೆಲೆಗೆ 20, ಚಿತ್ರಕ್ಕೆ 10 ಅಂಕ ಇಟ್ಟುಕೊಂಡಿದ್ದೇನೆ. ಪುಟಕ್ಕೆ ಒಂದೇ ಸಾಲು ಇರುವ ಪುಸ್ತಕವನ್ನು ಮಕ್ಕಳು ಎರಡು ನಿಮಿಷದಲ್ಲಿ ಮುಗಿಸಿ ಇಡುತ್ತಾರೆ. ಅಂಥದ್ದಕ್ಕೆ ದುಡ್ಡು ಹಾಕುವುದು ದಂಡ ಅಲ್ವಾ?"

ಮೇಷ್ಟ್ರೇ, ಪುಸ್ತಕ ಕೊಳ್ಳುವ ಮುಂಚೆ ಕೂತು ಯೋಚಿಸುವವರೇ ಕಡಿಮೆ. ನೀವು ಅಂಕಪಟ್ಟಿಯನ್ನೇ ಮಾಡಿದ್ದೀರಿ, ಅದಕ್ಕೆ ನಮಸ್ಕಾರ. ಮಕ್ಕಳಿಗೆ ಓದು ಹತ್ತಬೇಕು, ದುಡ್ಡು ಪೋಲಾಗಬಾರದು ಅನ್ನುವ ನಿಮ್ಮ ಚಿಂತೆಯೂ ಸರಿಯೇ. ಆದರೆ ಆ ಹತ್ತು ಅಂಕ ನೋಡಿ ನನಗೆ ಸಂಕಟವಾಯಿತು.

'ಅಜ್ಜಿ ಸಂತೆಗೆ ಹೊರಟಳು' ಅಂತ ಒಂದೇ ಸಾಲಿದೆ ಅಂದುಕೊಳ್ಳಿ. ಚಿತ್ರದಲ್ಲೂ ಅಜ್ಜಿ, ಕೈಚೀಲ, ದಾರಿ ಅಷ್ಟೇ ಇದ್ದರೆ ಎರಡು ನಿಮಿಷವೂ ಜಾಸ್ತಿ. ಅದೇ ಅಜ್ಜಿಯ ಹಿಂದೆ ಒಂದು ಹೇಂಟೆ ಕಾಲಿನ ಹಗ್ಗ ಎಳೆದುಕೊಂಡು ಬರುತ್ತಿದ್ದರೆ? ಅಜ್ಜಿಗೆ ಗೊತ್ತಿಲ್ಲ. ಬರಹವೂ ಬಾಯಿ ಬಿಡುವುದಿಲ್ಲ. ಗೊತ್ತಿರುವುದು ಮಗುವಿಗೆ ಮಾತ್ರ. ಅದು ಪುಟ ತಿರುಗಿಸಿ ಹೇಂಟೆ ಹುಡುಕುತ್ತದೆ, ಸಿಗದಿದ್ದರೆ ಹಿಂದಕ್ಕೆ ಬಂದು ಮತ್ತೆ ನೋಡುತ್ತದೆ. ಇದು ಓದಲ್ವಾ? ಬರಹ ಹೇಳದೆ ಬಿಟ್ಟದ್ದನ್ನು ಚಿತ್ರ ಹೇಳಬೇಕು. ಅಕ್ಷರದ ಮೇಲೆ ಕಾಗದ ಮುಚ್ಚಿ, ಪುಸ್ತಕವನ್ನು ಒಂದನೇ ಕ್ಲಾಸಿನ ಮಗುವಿನ ಕೈಗೆ ಕೊಟ್ಟು, ಕಥೆ ಹೇಳು ಅನ್ನಿ. ನನ್ನ ಮೊದಲ ಪರೀಕ್ಷೆ ಇದೇ.

ಹಾಸನದವರಾದ ನಮಗೆ ಇದು ಹೊಸದೂ ಅಲ್ಲ. ಹಳೇಬೀಡಿನ ಗೋಡೆಯಲ್ಲಿ ಕೆಳಗೆ ಆನೆಸಾಲು, ಅದರ ಮೇಲೆ ಸಿಂಹ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ, ಮಹಾಭಾರತ. ಅಕ್ಷರ ಬಾರದವರೂ ಪ್ರದಕ್ಷಿಣೆ ಹಾಕುತ್ತಾ ಕಥೆ ಓದಬಹುದು. ಯುರೋಪಿನಲ್ಲಿ ಕೊಮೆನಿಯಸ್ ಅನ್ನುವ ಶಿಕ್ಷಣ ಚಿಂತಕ ಮಕ್ಕಳಿಗೆಂದು ಚಿತ್ರ ಸಮೇತ ಪುಸ್ತಕ ಅಚ್ಚು ಹಾಕಿಸಿದ್ದು 1658ರಲ್ಲಿ. ನಮ್ಮ ಶಿಲ್ಪಿಗಳು ಸುಮಾರು ಐದು ಶತಮಾನ ಮುಂಚೆಯೇ ಆ ಕೆಲಸ ಮಾಡಿದ್ದರು.

ಇನ್ನು ಚಿತ್ರದ ನಿಜ. ಈಚೆಗೆ ಬಂದ ಒಂದು ಮಲೆನಾಡಿನ ಕಥೆಯಲ್ಲಿ ಕಾಫಿ ಹಣ್ಣು ದ್ರಾಕ್ಷಿ ಗೊಂಚಲಿನ ಹಾಗೆ ರೆಂಬೆಯ ತುದಿಗೆ ಜೋತುಬಿದ್ದಿತ್ತು. ಸಕಲೇಶಪುರದ ಕಡೆಯ ಪುಟ್ಟ ಹುಡುಗಿ ಅದನ್ನು ನೋಡಿ, "ಕಾಫಿ ಹಿಂಗೆ ಬಿಡಲ್ಲ, ಗಿಣ್ಣು ಗಿಣ್ಣಿಗೂ ಅಂಟಿಕೊಂಡು ಬಿಡುತ್ತೆ. ನಮ್ಮಮ್ಮ ಕೊಯ್ಯೋದು ನೋಡಿದೀನಿ" ಅಂದಳು. ಮುಂದೆ ಆ ಪುಸ್ತಕದ ಒಂದು ಮಾತನ್ನೂ ಅವಳು ನಂಬಲಿಲ್ಲ. ಈ ಪುಟದಲ್ಲಿ ಹಸಿರು ಲಂಗ, ಮುಂದಿನ ಪುಟದಲ್ಲಿ ನೀಲಿ ಲಂಗ ಆದರೂ ಮಕ್ಕಳು ಬಿಡುವುದಿಲ್ಲ, ಕೇಳುತ್ತಾರೆ.

ಪುಸ್ತಕವನ್ನು ಪೂರ್ತಿ ಬಿಡಿಸಿ ನೋಡಿ. ಎರಡು ಪುಟಕ್ಕೂ ಹರಡಿದ ಚಿತ್ರದಲ್ಲಿ ಮುಖ ನಡುವಿನ ಹೊಲಿಗೆಯೊಳಗೆ ಹೋಗಿದೆಯಾ? ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆಯಾ? ಕಡುಬಣ್ಣದ ಮೇಲೆ ಕರಿ ಅಕ್ಷರ ಕೂರಿಸಿದ್ದಾರಾ? ಬಿಡಿ ಬಿಡಿಯಾಗಿ ಓದುವ ಮಗು ಅಲ್ಲೇ ಸೋಲುತ್ತದೆ.

ಬೆಲೆಯನ್ನು ಪದಗಳ ಲೆಕ್ಕದಲ್ಲಿ ಅಳೆಯಬೇಡಿ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನ ಮೊದಲ ಹಂತದ ಪುಸ್ತಕದಲ್ಲಿ 250ಕ್ಕಿಂತ ಕಡಿಮೆ ಪದ ಇರುತ್ತವೆ. ಹೊಸ ಓದುಗರಿಗೆ ಅಂತಲೇ ಹಾಗೆ ಮಾಡಿದ್ದು. ನೀತಿಯ 30 ಅಂಕವನ್ನಂತೂ ದಯವಿಟ್ಟು ತೆಗೆದುಬಿಡಿ. 'ಆದ್ದರಿಂದ ಮಕ್ಕಳೇ' ಅನ್ನುವ ಕೊನೆಯ ಸಾಲಿಗೆ ಅಂಕ ಕೊಟ್ಟು ಕೊಟ್ಟು ಎಷ್ಟು ಒಳ್ಳೆಯ ಕಥೆ ಕೆಡಿಸಿದ್ದೇವೆ!

ತಪ್ಪು ನಿಮ್ಮೊಬ್ಬರದಲ್ಲ. ಲೈಬ್ರರಿಗಳಿಗೆಂದು ಸರ್ಕಾರ ಮಾಡುವ ಸಗಟು ಖರೀದಿಯಲ್ಲಿ ಪುಟಕ್ಕೆ ಇಷ್ಟು ಅಂತ ದರ ಕಟ್ಟುವ ನಾಡು ನಮ್ಮದು. ಅಲ್ಲಿ ವಾರಗಟ್ಟಲೆ ಕೂತು ಬರೆದ ಒಂದು ಚಿತ್ರವೂ ಒಂದು ಪುಟ, ಸುಮ್ನೆ ತುಂಬಿಸಿದ ಮ್ಯಾಟರೂ ಒಂದು ಪುಟ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಗ್ರಾಮ ಪಂಚಾಯ್ತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು, ಬಹಳ ಒಳ್ಳೆಯ ಕೆಲಸ. ಆದರೆ ನಾನು ಹೋದ ಎಷ್ಟೋ ಕಡೆ ಕಪಾಟಿನ ತುಂಬ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೇ. ಚಿತ್ರಕಾರರ ಗತಿಯಂತೂ ಕೇಳಬೇಡಿ. ಬರೆದವರ ಹೆಸರು ಮುಖಪುಟದಲ್ಲಿ ದಪ್ಪಗೆ, ಚಿತ್ರ ಬರೆದವರದ್ದು ಒಳಗೆಲ್ಲೋ ಪ್ರೆಸ್ಸಿನ ವಿಳಾಸದ ಪಕ್ಕ ಸಣ್ಣಗೆ. ಕೆಲವದರಲ್ಲಿ ಅದೂ ಇಲ್ಲ. ಅರ್ಧ ಕಥೆ ಹೇಳಿದವರಿಗೆ ನಾವು ಕೊಡುವ ಮರ್ಯಾದೆ ಇಷ್ಟೇನಾ?

ನಿಮ್ಮ ಪಟ್ಟಿಯನ್ನು ಹರಿದು ಹಾಕಿ ಅನ್ನುವುದಿಲ್ಲ, ತಿದ್ದಿ. ಮಕ್ಕಳನ್ನೂ ಕೂರಿಸಿಕೊಂಡು ಆರಿಸಿ. ಯಾವ ಪುಸ್ತಕವನ್ನು ಅವರೇ ಮತ್ತೆ ತೆಗೆದರು ಅಂತ ಗುರುತು ಹಾಕಿಕೊಂಡು ನಮಗೆ ಕಳಿಸಿ. ಚಿತ್ರಕಾರರ ಹೆಸರು ಸಮೇತ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ